ತಂತಿ ಕೀಳುವ ಕೂಲಿ

ಬೇಲಿಯೆದ್ದು ಹೊಲ ಮೇಯಿತು ಅನ್ನುವ ಮಾತುಂಟಲ್ಲ,
ಇಲ್ಲಿ, ಆಯ್ಸೆನ್ನಿನ ಕಣಿವೆಯಲ್ಲಿ, ಬೇಲಿ ಏಳಲೂ ಇಲ್ಲ.
ನಿಂತಲ್ಲೇ ನಿಂತು
ಜಿಂಕೆ ತಿಂದಿತು.

ನೆಟ್ಟವನು ನಾನೇ. ಎವರಿಸ್ತೊ ಕಾರ್ಕಮೊ.
ಹದಿನೇಳಕ್ಕೆ ಹಿಡಿದ ಸುತ್ತಿಗೆ
ಕೆಳಗಿಟ್ಟದ್ದು ಅರವತ್ತಕ್ಕೆ.
ಏಳೆಳೆ ತಂತಿ, ಮೇಲಿನೆರಡಕ್ಕೆ ಮುಳ್ಳು,
ಹತ್ತು ಹೆಜ್ಜೆಗೊಂದು ಲೆಂಗಾ ಮರದ ಗೂಟ.
ಕುರಿ ದಾಟಬಾರದು, ಅಷ್ಟೇ ಕರಾರು.
ಮಿಕ್ಕವು ದಾಟಬೇಕೆ ಬೇಡವೆ
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ;
ಕಿಲೋಮೀಟರಿಗಿಷ್ಟು ಎಂದು ಎಣಿಸಿಕೊಟ್ಟರು,
ಎಣಿಸಿಕೊಂಡೆ.

ಈಗ ಕೀಳುವುದಕ್ಕೂ ಕಿಲೋಮೀಟರಿಗಿಷ್ಟು.
ಕುರಿ ಮಾರಿದರು, ಹುಲ್ಲುಗಾವಲನ್ನು ಕಾಡಿಗೆ ಬಿಟ್ಟರು.
ಕಾವಲಿಗೆ ಬಂದವಳು ಮಿಲ್ಲರಾಯ್, ನನ್ನ ಮೊಮ್ಮಗಳ ಓರಗೆ,
ಕೊರಳಲ್ಲಿ ದುರ್ಬೀನು, ಸೊಂಟದಲ್ಲಿ ಗರಗರ ರೇಡಿಯೊ.
"ತಾತ, ಈ ಕಣಿವೆಯಲ್ಲಿ ಉಳಿದಿರುವುದು ಹನ್ನೊಂದೇ" ಅಂದಳು.
ಹನ್ನೊಂದು!
ಅದಕ್ಕಿಂತ ಹೆಚ್ಚು ಕುದುರೆಗಳಿದ್ದವು
ನನ್ನ ಮದುವೆಯ ದಿಬ್ಬಣದಲ್ಲಿ.

ವೆಮುಲ್ ಅನ್ನುತ್ತೇವೆ ಅದನ್ನು.
ಗಿಡ್ಡ ಕಾಲು, ದಪ್ಪ ಮೈ, ಒದ್ದೆ ಮರಳಿನ ಬಣ್ಣ,
ಆಗ ಹುಟ್ಟಿದ ಮರಿಗೂ ಒಂದು ಚುಕ್ಕೆಯಿಲ್ಲ.
ದೇಶದ ಲಾಂಛನದಲ್ಲಿ ಕಿರೀಟ ತೊಟ್ಟು ನಿಂತಿದೆ,
ನನ್ನ ಮದುವೆಯ ಕಾಗದದ ಮೇಲೆ,
ಕುಡಿದು ಕಟ್ಟಿದ ದಂಡದ ರಸೀದಿಯ ಮೇಲೆ.
ಬೆಟ್ಟದಲ್ಲಿ ಮಾತ್ರ ಕಿರೀಟವಿರಲಿಲ್ಲ.
ನಾಯಿಗಳಿದ್ದವು.

ಅಪಾಯ ಕಂಡರೆ ಓಡುವುದಿಲ್ಲ ಅದು, ಕಲ್ಲಾಗುತ್ತದೆ.
ಕಲ್ಲುಗಳ ನಡುವೆ ಪೂಮಾದ ಕಣ್ಣು ತಪ್ಪಿಸಲು ಅಷ್ಟು ಸಾಕಿತ್ತು,
ನಾಯಿಯ ಮೂಗಿಗೆ ಸಾಲಲಿಲ್ಲ.
ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ,
ಏನು ಬೇಕಿತ್ತು ಎಂದು ಬಾಗಿಲಲ್ಲಿ ನಿಂತು ಕೇಳುವ
ನೆರೆಮನೆಯವರ ಹಾಗೆ.

ನನ್ನ ತಿಸೋನನಿಗೆ ಬೇಕಾದದ್ದು ಸಿಕ್ಕಿತ್ತು
ಆ ದೊಡ್ಡ ಹಿಮದ ವರ್ಷ, ಮೂರನೆಯ ಗೇಟಿನ ಹತ್ತಿರ,
ತಂತಿಗೆ ಕಾಲು ಸಿಕ್ಕ ಮರಿ.
ಮೂತಿ ಕೆಂಪಾಗಿಸಿಕೊಂಡು ಬಾಲ ಆಡಿಸುತ್ತ ಬಂದ.
ಹೊಡೆಯಲಿಲ್ಲ.
ಒಳ್ಳೆಯ ನಾಯಿ ಅಂದೆ.
ಇದನ್ನು ಮಿಲ್ಲರಾಯ್‌ಗೆ ಹೇಳಿಲ್ಲ.

ನೆಡುವುದಕ್ಕಿಂತ ಕೀಳುವುದು ಕಷ್ಟ.
ಬಿಗಿದ ತಂತಿ ಕತ್ತರಿಸಿದರೆ ಹಾವಿನಂತೆ ತಿರುಗಿ
ಮುಖಕ್ಕೇ ಬರುತ್ತದೆ, ನಲವತ್ತು ವರ್ಷದ ಸಿಟ್ಟು.
ಸಿಂಬಿ ಸಿಂಬಿಯಾಗಿ ಸುತ್ತಿ ಎತ್ತಿನ ಗಾಡಿಗೆ ಹೇರುತ್ತೇನೆ.
ಅಲ್ಲಲ್ಲಿ, ಗೂಟ ಉಳಿಸಲು, ನಿಂತ ಮರಕ್ಕೇ ಮೊಳೆ ಹೊಡೆದಿದ್ದೆ;
ಮರ ತಂತಿಯನ್ನು ನುಂಗಿ ತೊಗಟೆ ಮುಚ್ಚಿಕೊಂಡಿದೆ.
ಕೊಯ್ದು ತೆಗೆಯಲೆ ಎಂದರೆ
"ಬಿಡು ತಾತ, ಇನ್ನದು ಮರದ್ದು" ಅಂದಳು.

ಮೊನ್ನೆ ಬೆಳಗಿನ ಜಾವ ಮಾತೆ ಹೀರುತ್ತ ಕೂತಿದ್ದೆವು,
ಒಂದೇ ಬುರುಡೆ, ಒಂದೇ ಕೊಳವೆ, ಕಹಿ ಇಬ್ಬರಿಗೂ.
ಮೇಲಿನ ಪೊದೆಯಿಂದ ಹೆಣ್ಣೊಂದು ಇಳಿಯಿತು,
ಕೊರಳಪಟ್ಟಿಯಲ್ಲಿ ಏಳನೆಯ ನಂಬರು. ಬೆನ್ನಿಗೆ ಮರಿ.
ಬೇಲಿಯಿದ್ದ ಸಾಲಿಗೆ ಬಂದು ನಿಂತಿತು.
ಬೇಲಿ ಅಲ್ಲಿಲ್ಲ;
ಗೂಟ ಕಿತ್ತ ಗುಣಿಗಳಲ್ಲಿ ನೀರು, ನೀರಲ್ಲಿ ತುಸು ಆಕಾಶ.
ನಿಂತೇ ಇತ್ತು.
ಬುರುಡೆ ನನ್ನ ಕೈಯಲ್ಲೇ ಆರಿತು.
ಆಮೇಲೆ ಮೈ ಕುಗ್ಗಿಸಿ, ಹಿಂಗಾಲು ಒತ್ತಿ
ಇಲ್ಲದ ತಂತಿಯನ್ನು ಹಾರಿತು,
ಏಳೆಳೆಯನ್ನೂ, ಮೇಲಿನೆರಡರ ಮುಳ್ಳನ್ನೂ ಲೆಕ್ಕವಿಟ್ಟು
ನಾನು ಕಟ್ಟಿದಷ್ಟೇ ಎತ್ತರಕ್ಕೆ.

ಮರಿ ಸುಮ್ಮನೆ ನಡೆದು ಬಂತು.

"ಹನ್ನೆರಡು" ಎಂದು ಬರೆದುಕೊಂಡಳು,
ಅಕ್ಷರ ಅಲುಗಿತು, ಚಳಿ ಅಂದಳು.

ಮನೆಗೆ ಬಂದೆ. ತಿಸೋನನ ಮೊಮ್ಮಗ
ನನ್ನ ತೋಳು ಮೂಸಿ
ಬೆಟ್ಟದ ಕಡೆಗೆ ಕಿವಿ ನಿಮಿರಿಸಿದ.
ಅವನ ಕೊರಳಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದೆ.
ಇನ್ನೂ ಇಪ್ಪತ್ತಾರು ಕಿಲೋಮೀಟರು ಬಾಕಿಯಿದೆ.